ಬಿಕ್ಕಲಂ ಯಾರದು?

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿಗಳು ಹೆಚ್ಚಾಗುತ್ತವೆ. ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳಲ್ಲಿ ಓದುವ ಮಕ್ಕಳು, ನಾಲ್ಕು ಕಥೆ ಬರೆದವನೆಂಬ ಒಂದೇ ಕಾರಣಕ್ಕೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಒಬ್ಬರ ಕೈಯಲ್ಲಿ ಅಸೈನ್‌ಮೆಂಟ್, ಇನ್ನೊಬ್ಬರ ಕೈಯಲ್ಲಿ ಪ್ರಾಜೆಕ್ಟ್ ವರದಿ, ಮತ್ತೊಬ್ಬರದು ಸ್ಕಾಲರ್‌ಶಿಪ್ಪಿನ ಅರ್ಜಿ. 'ಸ್ವಲ್ಪ ನೋಡಿ ಕೊಡ್ರಿ' ಎಂದು ಆರಂಭವಾದ ಮಾತು ಅರ್ಧ ಗಂಟೆಯಲ್ಲಿ 'ನೀವೇ ಬರ್ದು ಕೊಡ್ರಿ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಈ ಎರಡು ಮಾತುಗಳ ನಡುವೆ ಎಲ್ಲಿ ಗೆರೆ ಎಳೆಯಬೇಕು? ಸಹಾಯ ಎಲ್ಲಿ ಮುಗಿಯುತ್ತದೆ, ವಂಚನೆ ಎಲ್ಲಿಂದ ಶುರುವಾಗುತ್ತದೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮೊಹಲ್ಲಾದ ಹುಡುಗಿಯೊಬ್ಬಳು ಬಂದಳು. ಬಿ.ಎ. ಕೊನೆಯ ವರ್ಷ. ಮನೆಯಲ್ಲಿ ದಖನಿ, ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ. ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ ಮತ್ತು 1857-58ರ ಬಂಡಾಯದ ಬಗ್ಗೆ ಹದಿನೈದು ಪುಟದ ವರದಿ ಕೊಡಬೇಕಿತ್ತು. ಅವಳು ನಾಲ್ಕು ಪುಟ ಬರೆದುಕೊಂಡು ಬಂದಿದ್ದಳು. ವಾಕ್ಯಗಳು ಕುಂಟುತ್ತಿದ್ದವು. ಒಂದು ಕಡೆ ಹೀಗಿತ್ತು: ದೊರೆ ತೀರಿದ ಸುದ್ದಿ ಬಂದ ದಿನ ತನ್ನ ನಾನಿಯ ಓಣಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲವಂತೆ. ನಾನಿಗೆ ಇದನ್ನು ಹೇಳಿದವಳು ನಾನಿಯ ನಾನಿ, ಆಕೆಗೆ ಹೇಳಿದವಳು ಆಕೆಯ ಅತ್ತೆ.

ನಾನು ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ 'ಆಧಾರವಿಲ್ಲ' ಎಂದು ಬರೆದೆ. ಸಲ್ಲಿಸಲು ಎರಡೇ ದಿನ ಉಳಿದಿತ್ತು. ಎರಡು ರಾತ್ರಿ ಕೂತು ಹದಿನೈದೂ ಪುಟ ನಾನೇ ಬರೆದೆ. ಚಿಕ್ಕ ವಯಸ್ಸಿನ ದೊರೆ, ಅವನನ್ನು ಮಗನಂತೆ ಕಂಡ ಮೆಡೋಸ್ ಟೇಲರ್, ಬ್ರಿಟಿಷರ ವಿರುದ್ಧದ ಕಾಳಗ, 1858ರಲ್ಲಿ ಹೈದರಾಬಾದಿನಲ್ಲಿ ಸೆರೆ, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸಾವು, 1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆ, ಎಲ್ಲವೂ ಬಂತು. ಭಾಷೆಯೂ ಚೆನ್ನಾಗಿತ್ತು. ನನಗೇ ಹೆಮ್ಮೆಯಾಯಿತು.

ಅಂಕ ಚೆನ್ನಾಗಿಯೇ ಬಂತು. ಆದರೆ ಮೌಖಿಕ ಪರೀಕ್ಷೆಯ ಮರುದಿನ ಅವಳು ಬಂದು ಹೇಳಿದ್ದು ಬೇರೆ. 'ಚಾಚಾ, ಊಳಿಗಮಾನ್ಯ ಅಂದ್ರ ಏನು ಅಂತ ಕೇಳಿದ್ರು, ಬರಲಿಲ್ಲ. ಆಮ್ಯಾಲೆ, ನಿಮ್ಮ ಕಡೆ ಜನ ಈ ದೊರೆ ಬಗ್ಗೆ ಏನರ ಹೇಳ್ತಾರೇನು ಅಂತ ಕೇಳಿದ್ರು. ಗೊತ್ತಿಲ್ಲ ಸರ್ ಅಂದೆ.' ನಾನಿಯ ಮಾತು ಹೇಳಬಹುದಿತ್ತಲ್ಲ ಎಂದೆ. 'ಅದನ್ನ ನೀವೇ ಹೊಡದು ಹಾಕಿದ್ರಲ್ಲ' ಅಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ನನಗೆ ನಿದ್ದೆ ಬರಲಿಲ್ಲ.

ನಮ್ಮ ಮನೆಗಳಲ್ಲಿ ಒಲೆ ಹಚ್ಚದಿರುವುದು ಯಾವಾಗ? ಸ್ವಂತ ಮನೆಯಲ್ಲಿ ಸಾವಾದಾಗ. ಒಬ್ಬ ನಾಯಕ ದೊರೆ ಸತ್ತಾಗ ಒಂದು ಮುಸ್ಲಿಂ ಓಣಿ ಅವನನ್ನು ಮನೆಯವನೆಂದೇ ಎಣಿಸಿತ್ತು ಎಂಬ ನೆನಪು ಅದು. ನಾನು ಬರೆದ ಹದಿನೈದು ಪುಟ ಯಾವ ಗ್ರಂಥಾಲಯದಲ್ಲಾದರೂ ಸಿಕ್ಕೀತು. ಆ ಒಂದು ಸಾಲು ಅವಳ ಹೊರತು ಯಾರಿಂದಲೂ ಸಿಗುತ್ತಿರಲಿಲ್ಲ. ಯಾರಿಂದ ಕೇಳಿದೆ ಎಂಬುದನ್ನು ಮೂರು ತಲೆಮಾರಿನ ಹೆಂಗಸರ ಹೆಸರು ಹಿಡಿದು ಹೇಳುವ ಸರಪಳಿಯನ್ನೇ ಹದೀಸ್ ವಿದ್ವಾಂಸರು 'ಇಸ್ನಾದ್' ಎನ್ನುತ್ತಾರೆ. ಕೇಳಿದ ಮೂಲವನ್ನು ಮರೆಮಾಚುವುದಕ್ಕೆ 'ತದ್‌ಲೀಸ್' ಎಂದು ಹೆಸರಿಟ್ಟು ಅದನ್ನು ದೋಷವೆಂದರು. ಹುಡುಗಿ ಇಸ್ನಾದ್ ಕೊಟ್ಟಿದ್ದಳು. ಅದು ಸತ್ಯವೇ ಅಲ್ಲವೇ ಎಂದು ಪರಿಶೀಲಿಸುವ ಬದಲು ನಾನು ಅದನ್ನು ಅಳಿಸಿ, ಅವಳ ಹೆಸರಿನ ಹಿಂದೆ ಅಡಗಿ ಕೂತು ತದ್‌ಲೀಸ್ ಮಾಡಿದೆ.

ಹಾಗಾದರೆ ಸಹಾಯವನ್ನೇ ಮಾಡಬಾರದೇ? 'ನಿನ್ನದು ನೀನೇ ಬರಿ' ಎಂದು ಬಾಗಿಲು ಹಾಕಿಕೊಳ್ಳುವುದು ಪ್ರಾಮಾಣಿಕತೆಯಂತೆ ಕಾಣುತ್ತದೆ. ಆದರೆ ಪ್ರೊಫೆಸರನ ಮಗನ ಬರಹವನ್ನು ಊಟದ ಹೊತ್ತಿನಲ್ಲಿ ಅಪ್ಪನೇ ತಿದ್ದುತ್ತಾನೆ. ಅದನ್ನು ಯಾರೂ ಸಹಾಯವೆಂದು ಕರೆಯುವುದಿಲ್ಲ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ, ಅಜ್ಜಿಯ ಹತ್ತಿರ ಉಳಿದು ಓದುವ ನಮ್ಮ ಭಾಗದ ಮಕ್ಕಳಿಗೆ ಅಂಥ ಊಟದ ಹೊತ್ತು ಇಲ್ಲ. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು, ಆಮೇಲೆ 371(ಜೆ) ಕಲಮಿನ ಮೀಸಲಾತಿ ಬಂತು. ಸೀಟು ಸಿಕ್ಕಿತು. ಸೀಟಿನಲ್ಲಿ ಕೂತವನಿಗೆ ಒಂದು ಪುಟ ಬರೆಯಲು ಕಲಿಸುವವರು ಬೇಕಲ್ಲ.

ಉರ್ದು ಕಾವ್ಯದಲ್ಲಿ ಇದಕ್ಕೊಂದು ಹಳೆಯ ದಾರಿ ಇದೆ. ಅದರ ಹೆಸರು 'ಇಸ್ಲಾಹ್', ಅಂದರೆ ತಿದ್ದುಪಡಿ. ಶಿಷ್ಯ ಗಜಲ್ ಬರೆದು ತರುತ್ತಾನೆ, ಉಸ್ತಾದ್ ತಿದ್ದುತ್ತಾರೆ. ಬಹಾದುರ್ ಷಾ ಜಫರ್‌ಗೆ ಮೊದಲು ಜೌಕ್, 1854ರಲ್ಲಿ ಅವರು ತೀರಿಕೊಂಡ ಮೇಲೆ ಗಾಲಿಬ್ ಉಸ್ತಾದರಾಗಿದ್ದರು. ಗಾಲಿಬ್ ತಮ್ಮ ಶಿಷ್ಯ ಹರಗೋಪಾಲ್ ತಫ್ತಾರ ಪದ್ಯಗಳನ್ನು ಅಂಚೆಯಲ್ಲೇ ತಿದ್ದುತ್ತಿದ್ದರು; ಈ ಪದ ಯಾಕೆ ಸಲ್ಲದು ಎಂದು ಪತ್ರದಲ್ಲಿ ಕಾರಣವನ್ನೂ ಬರೆಯುತ್ತಿದ್ದರು. ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಹೈದರಾಬಾದಿನಲ್ಲಿದ್ದ ದಾಗ್ ದೆಹಲ್ವಿಯವರಿಗೆ ಪಂಜಾಬಿನಿಂದ ತರುಣ ಇಕ್ಬಾಲ್ ಗಜಲ್ ಕಳಿಸಿ ತಿದ್ದಿಸಿಕೊಂಡಿದ್ದರು. ಇದನ್ನು ಯಾರೂ ಕಳವು ಎನ್ನಲಿಲ್ಲ. ಇಂಥವರ ಶಿಷ್ಯ ಎಂದು ಹೇಳಿಕೊಳ್ಳುವುದು ಗೌರವವಾಗಿತ್ತು. ಮೊದಲ ಸಾಲು ಶಿಷ್ಯನದು, ತಿದ್ದುಪಡಿಗೆ ಕಾರಣ ಉಂಟು, ಉಸ್ತಾದನ ಹೆಸರು ಬಹಿರಂಗ. ಇಸ್ಲಾಹ್ ಅನ್ನು ವಂಚನೆಯಿಂದ ಬೇರ್ಪಡಿಸುವುದು ಈ ಮೂರೇ.

ಇದೇ ಪರಂಪರೆಯಲ್ಲಿ ಇನ್ನೊಂದು ಮುಖವೂ ಇದೆ. 1880ರಲ್ಲಿ ಪ್ರಕಟವಾದ 'ಆಬೆ ಹಯಾತ್'ನಲ್ಲಿ ಮುಹಮ್ಮದ್ ಹುಸೇನ್ ಆಜಾದ್ ಕವಿ ಮುಸ್‌ಹಫಿಯ ಬಗ್ಗೆ ಬರೆಯುತ್ತಾರೆ: ಬಡತನದಿಂದ ಮುಸ್‌ಹಫಿ ಮುಷಾಯಿರಾಕ್ಕೆ ಬರೆದ ಗಜಲುಗಳನ್ನು ಮಾರುತ್ತಿದ್ದರಂತೆ, ಒಳ್ಳೆಯ ಸಾಲುಗಳು ಕೊಂಡವರ ಪಾಲಾಗಿ ಉಳಿದದ್ದು ತಮ್ಮ ಪಾಲಿಗೆ ಬರುತ್ತಿತ್ತಂತೆ. ಕೊಂಡವರು ಕವಿಗಳಾಗಲಿಲ್ಲ. ಮಾರಿದವನಿಗೂ ನಷ್ಟವಾಯಿತು.

ಪ್ರವಾದಿ ಮುಹಮ್ಮದರ(ಸ) ಜೀವನದ ಒಂದು ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಧಾನ್ಯದ ರಾಶಿಯೊಂದರ ಒಳಗೆ ಅವರು ಕೈ ಹಾಕಿದಾಗ ಬೆರಳು ಒದ್ದೆಯಾಯಿತು. ಮಳೆಗೆ ನೆನೆದಿದೆ ಎಂದ ಮಾರುವವನು. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂಬ ಎಚ್ಚರಿಕೆ ಕೊಟ್ಟರು. ನಮ್ಮ ತೊಗರಿ, ಹತ್ತಿ, ಭತ್ತದ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಗಮನಿಸಿ: ನೆನೆದ ಕಾಳು ಪಾಪವಲ್ಲ, ಮಳೆ ಯಾರ ತಪ್ಪೂ ಅಲ್ಲ. ಮುಚ್ಚಿದ್ದು ತಪ್ಪು. ನಮ್ಮ ಮಕ್ಕಳ ಕುಂಟುವ ವಾಕ್ಯಗಳೂ ಮಳೆಗೆ ನೆನೆದ ಕಾಳುಗಳೇ. ಅವನ್ನು ಮೇಲಿಟ್ಟರೆ ಬಿಸಿಲು ಬಿದ್ದು ಒಣಗುತ್ತವೆ. ಮೇಲೆ ನನ್ನ ಒಣ ಕಾಳು ಸುರಿದರೆ ಒಳಗೆ ಬೂಸ್ಟು ಹಿಡಿಯುತ್ತದೆ.

ಈಗ ನನ್ನ ಬಾಗಿಲಿಗೂ ಬರಬೇಕಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮೊಬೈಲೇ ಹದಿನೈದು ಪುಟ ಬರೆದು ಕೊಡುತ್ತದೆ. ಪ್ರಬಂಧಗಳ ನಕಲು ತಡೆಯಲು ಯುಜಿಸಿ 2018ರಲ್ಲಿ ನಿಯಮ ಮಾಡಿದೆ. ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಶೇ. 60 ಮೀರಿದರೆ ಸಂಶೋಧಕನ ನೋಂದಣಿಯೇ ರದ್ದು. ಆದರೆ ಹೋಲಿಕೆಯ ಲೆಕ್ಕ ಹಿಡಿಯುವುದು ಹಳೆಯದರ ನಕಲನ್ನು. ನಾನು ಹೊಸದಾಗಿ ಬರೆದು ಕೊಟ್ಟ ಹದಿನೈದು ಪುಟದಲ್ಲಿ ಅಂಥ ಲೆಕ್ಕಕ್ಕೆ ಏನೂ ಸಿಗುತ್ತಿರಲಿಲ್ಲ. ಯಂತ್ರ ಹಿಡಿಯದದ್ದನ್ನು ಮನಸ್ಸೇ ಹಿಡಿಯಬೇಕು.

'ಎಲ್ಲರೂ ಹಾಗೇ ಮಾಡ್ತಾರ, ನಾವಷ್ಟೇ ಮಾಡದಿದ್ರ ಅಂಕ ಹೋಗ್ತಾವಲ್ಲ ಸರ್' ಎಂದು ಹುಡುಗರು ಕೇಳುತ್ತಾರೆ. ಇದು ಸುಳ್ಳು ವಾದವಲ್ಲ. ಅಂಕ ಹೋಗಬಹುದು. ನಾಳೆ ಹೋಗುವ ಅಂಕಕ್ಕೆ ಬದಲಾಗಿ ನಾನು ಈಗಲೇ ಏನಾದರೂ ಕೊಡದಿದ್ದರೆ ನನ್ನ ಉಪದೇಶ ಬರಿಯ ಜಂಬ. ಹಾಗಾಗಿ ಸಮಯ ಕೊಡುತ್ತೇನೆ. ಸಲ್ಲಿಸುವ ಹಿಂದಿನ ದಿನವಲ್ಲ, ತಿಂಗಳ ಮೊದಲೇ ಬನ್ನಿ ಎನ್ನುತ್ತೇನೆ. ದಖನಿಯಲ್ಲೋ ಊರ ಕನ್ನಡದಲ್ಲೋ ಮೊದಲು ಬಾಯಿಂದ ಹೇಳಿಸುತ್ತೇನೆ. ಹೇಳಿದ್ದನ್ನೇ ಬರೆಯಲು ಹೇಳುತ್ತೇನೆ. ಪೆನ್ನು ಅವರ ಕೈಯಲ್ಲೇ ಇರುತ್ತದೆ. ತಪ್ಪಾದಲ್ಲಿ ಬೆರಳಿಟ್ಟು ಯಾಕೆ ತಪ್ಪು ಎನ್ನುತ್ತೇನೆ. ಒಂದು ಪುಟಕ್ಕೆ ಒಂದು ಸಂಜೆ ಹೋಗುತ್ತದೆ. ಕೆಲವರು ಬೇಸತ್ತು ಮೊಬೈಲಿಗೆ ಮರಳುತ್ತಾರೆ. ಉಳಿದವರು ಉಳಿಯುತ್ತಾರೆ.

ಹಿಂದೆ ಖರೀದಿ ಪತ್ರ ಬರೆದುಕೊಡುವವರು ಕೊನೆಯಲ್ಲಿ 'ಬಿಕ್ಕಲಂ' ಎಂದು ಬರೆದು ತಮ್ಮ ಹೆಸರು ಹಾಕುತ್ತಿದ್ದರು. 'ಬ ಕಲಮ್', ಅಂದರೆ ಇಂಥವರ ಲೇಖನಿಯಿಂದ. ಹೊಲ ಮಾರಿದವನದು ಹೆಬ್ಬೆಟ್ಟು, ಬರೆದವನದು ಬಿಕ್ಕಲಂ. ಓದು ಬಾರದ ರೈತನ ಮಾತು ಕಾಗದಕ್ಕೆ ಇಳಿಯುತ್ತಿತ್ತು, ಯಾರ ಕೈ ಎಂಬುದೂ ಮುಚ್ಚಿರುತ್ತಿರಲಿಲ್ಲ. ವರದಿಗಳ ಕೊನೆಯಲ್ಲೂ 'ಇಂಥವರು ತಿದ್ದಿದರು' ಎಂಬ ಒಂದು ಸಾಲು ಬರೆಯಲು ಮಕ್ಕಳಿಗೆ ನಾನು ಈಗ ಹೇಳುತ್ತೇನೆ. ಬರೆಯಲು ನಾಚಿಕೆಯಾಗುವಷ್ಟು ಸಹಾಯ ಪಡೆದಿದ್ದರೆ ಅದು ಸಹಾಯವಲ್ಲ ಎಂದು ಅವರಿಗೇ ತಿಳಿಯುತ್ತದೆ. ನನಗೂ ತಿಳಿಯುತ್ತದೆ.

ಆ ಹುಡುಗಿಯ ವರದಿ ಕಾಲೇಜಿನ ಯಾವುದೋ ಕಪಾಟಿನಲ್ಲಿರಬಹುದು. ಅದರ ಮೇಲೆ ಅವಳ ಹೆಸರಿದೆ. ಒಳಗೆ ಅವಳಿಲ್ಲ. ಅವಳ ನಾನಿಯ ಓಣಿಯೂ ಇಲ್ಲ. ಒಲೆ ಹಚ್ಚದ ಆ ಸಂಜೆಯನ್ನು ಇಲ್ಲಿ ಬರೆಯುವಾಗ ಅವಳ ಅನುಮತಿ ಕೇಳಿದೆ. ಹೆಸರು ಬೇಡ ಎಂದಳು. ಆದ್ದರಿಂದ ಇಷ್ಟನ್ನಾದರೂ ಹೇಳಿಬಿಡುತ್ತೇನೆ: ಈ ಲೇಖನದ ಒಳ್ಳೆಯ ಸಾಲು ಅವಳದು. ಬಿಕ್ಕಲಂ ಮಾತ್ರ ನನ್ನದು.