ನೌಕರಿ ಬಿಟ್ಟು ಸಸಿ ನೆಡುವ ಮುನ್ನ

ದೊಡ್ಡಆಲಹಳ್ಳಿಯಂಥ ಊರಿನ ಯುವಕನೊಬ್ಬ ಬೆಂಗಳೂರಿನ ನೌಕರಿ ಬಿಟ್ಟು ಸ್ವಂತ ನರ್ಸರಿ ಮಾಡುತ್ತೇನೆಂದರೆ ಮನೆಯವರು ಮೊದಲು ಕೇಳುವುದು, ‘ತಿಂಗಳ ಖರ್ಚಿಗೇನು ಗತಿ?’ ಎಂದು. ‘ಅನ್ನ ಕೊಡುವವನು ಅಲ್ಲಾಹನು’ ಎಂಬ ಉತ್ತರವೂ ಸಿದ್ಧವಿರುತ್ತದೆ. ಉತ್ತರ ನಿಜವೇ. ಆದರೆ ಅದರಿಂದ ಪ್ರಶ್ನೆಯ ಬಾಯಿ ಮುಚ್ಚಿಸಬಹುದೇ?

ಸ್ವಂತ ಕೈಯ ದುಡಿಮೆಗಿಂತ ಉತ್ತಮ ಅನ್ನವಿಲ್ಲವೆಂದು ಪ್ರವಾದಿ(ಸ) ಕಲಿಸಿದರು. ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ನೆಟ್ಟವನ ಪಾಲಿಗೆ ದಾನವೆಂದರು. ಆದರೆ ಮೊದಲು ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡಬೇಕೆಂದು ಹೇಳಿದವರೂ ಅವರೇ.

ಗಿಡಕ್ಕೆ ಒಂದನೇ ತಾರೀಖು ಗೊತ್ತಿಲ್ಲ. ಮಳೆ ಕೈಕೊಟ್ಟರೆ ಸಸಿ ಕೊಳ್ಳುವವರೂ ಕಡಿಮೆ. ಆ ಖಾಲಿ ತಿಂಗಳುಗಳ ಹೊರೆ ಯಾರ ಮೇಲೆ ಬೀಳುತ್ತದೆ? ತಾಯಿಯ ಔಷಧಿ, ಮಕ್ಕಳ ಶಾಲೆ, ಹೆಂಡತಿಯ ಒಡವೆ. ಒಡವೆ ಅವಳ ಸ್ವತ್ತು. ಅವಳನ್ನು ಕೇಳದೆ ಅಡವಿಟ್ಟರೆ ಅದು ತವಕ್ಕುಲ್ ಅಲ್ಲ, ಇನ್ನೊಬ್ಬರ ಹಣದ ಜೂಜು.

ಮಾಗಡಿ ತಾಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ 2025ರಲ್ಲಿ ತೀರಿಕೊಂಡರು. ಕೂಲಿ ಮಾಡಿ ಬದುಕಿದ ಅವರೂ ಪತಿ ಚಿಕ್ಕಯ್ಯನವರೂ ಹುಲಿಕಲ್-ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದರು. ಅದು ವ್ಯಾಪಾರವಲ್ಲ, ನಿಜ. ಆದರೆ ನೀರಿನ ಬಿಂದಿಗೆಯನ್ನು ಇಬ್ಬರೂ ಹೊತ್ತರು. ಒಬ್ಬರ ಕನಸಿನ ಭಾರ ಇನ್ನೊಬ್ಬರ ಮೇಲೆ ಬೀಳಲಿಲ್ಲ.

ಮನೆಯವರ ಮನಃಪೂರ್ವಕ ಒಪ್ಪಿಗೆ, ಕೆಲವು ತಿಂಗಳ ಊಟದ ದಾರಿ, ಕೆಲಸಕ್ಕೆ ಬರುವ ಕೂಲಿಯಾಳಿಗೆ ಬೆವರು ಆರುವ ಮುನ್ನ ಸಂಬಳ: ಇವೇ ಇಲ್ಲಿ ಒಂಟೆ ಕಟ್ಟುವ ಹಗ್ಗ. ಇಷ್ಟಾದ ಮೇಲೆ ರಾಜೀನಾಮೆ ಕೊಡುವುದು ದುಡುಕಲ್ಲ. ಇದು ಕೂಡಿ ಬರುವವರೆಗೆ ನೌಕರಿಯಲ್ಲಿಯೇ ಇರುವುದು ಹೇಡಿತನವೂ ಅಲ್ಲ; ಪ್ರಾಮಾಣಿಕ ಸಂಬಳವೂ ಕೈಯ ದುಡಿಮೆಯೇ.