ಮನೆಯಲ್ಲಿ ನಮ್ಮ ಪಾಲೆಷ್ಟು?

ಮನೆ ಅಲ್ಲಾಹನ ದೊಡ್ಡ ಅನುಗ್ರಹಗಳಲ್ಲೊಂದು. ಮನೆಗಳನ್ನು ಮನುಷ್ಯನಿಗೆ ನೆಮ್ಮದಿಯ ತಾಣವನ್ನಾಗಿ ಮಾಡಿಕೊಟ್ಟಿರುವುದನ್ನು ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ಅವನು ನಮಗೆ ನೆನಪಿಸಿದ್ದಾನೆ. ಆದರೆ ಆ ನೆಮ್ಮದಿ ಬರುವುದು ಎಲ್ಲಿಂದ? ಮನೆ ಪೂರ್ತಿ ನಮ್ಮದೆಂದು ಬರೆದ ಕಾಗದದಿಂದಲೇ? ಇತ್ತೀಚೆಗೆ ಒಂದು ಫೋನ್ ಕರೆ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿತು.

ಚಿಕ್ಕಂದಿನಲ್ಲಿ ನನ್ನ ಬಳಿ ಕುರ್‌ಆನ್ ಓದಲು ಕಲಿತ ಒಬ್ಬ ಹುಡುಗ ಈಗ ಹೆಂಡತಿಯೊಂದಿಗೆ ಇಂಗ್ಲೆಂಡಿನಲ್ಲಿದ್ದಾನೆ. "ಉಸ್ತಾದ್, ಮನೆ ತೆಗೆದುಕೊಂಡೆ. ಆದರೆ ನನ್ನದು ಎನ್ನಲು ನಾಚಿಕೆಯಾಗುತ್ತದೆ. ಕಾಲು ಪಾಲು ಮಾತ್ರ ನನ್ನದು. ಮುಕ್ಕಾಲು ಪಾಲಿಗೆ ಬಾಡಿಗೆ ಕಟ್ಟುತ್ತೇನೆ. ಊರಿನವರಿಗೆ ಏನೆಂದು ಹೇಳಲಿ?" ಎಂದು ಕೇಳಿದ.

ಆ ದೇಶದಲ್ಲಿ ಇಂತಹ ಒಂದು ಕ್ರಮವಿದೆ. ಪೂರ್ತಿ ಬೆಲೆ ಕೊಡಲಾಗದವನು ಮನೆಯ ಒಂದು ಪಾಲನ್ನು ಕೊಳ್ಳುತ್ತಾನೆ. 2021ರಲ್ಲಿ ಬಂದ ಹೊಸ ನಿಯಮದಂತೆ ಈ ಪಾಲು ಶೇಕಡಾ 10ರಿಂದ 75ರವರೆಗೆ ಇರಬಹುದು. ಉಳಿದ ಪಾಲು ಮನೆ ಕಟ್ಟಿಸಿದ ವಸತಿ ಸಂಸ್ಥೆಯದು. ಅದಕ್ಕೆ ತಿಂಗಳು ತಿಂಗಳು ಬಾಡಿಗೆ. ಕೈಯಲ್ಲಿ ಹಣವಾದಂತೆ ಆಗಿನ ಮಾರುಕಟ್ಟೆ ಬೆಲೆಗೆ ಇನ್ನಷ್ಟು ಪಾಲನ್ನು ಕೊಳ್ಳಬಹುದು. ಕೊಂಡಷ್ಟು ಬಾಡಿಗೆ ಇಳಿಯುತ್ತದೆ. ಅಲ್ಲಿ ಹೆಚ್ಚಿನವರು ತಮ್ಮ ಪಾಲನ್ನು ಕೊಳ್ಳುವುದು ಬ್ಯಾಂಕಿನ ಬಡ್ಡಿಸಾಲದಿಂದ. ಈ ಹುಡುಗ ಅದಕ್ಕೆ ಕೈ ಹಾಕಲಿಲ್ಲ. ದಂಪತಿ ವರ್ಷಗಟ್ಟಲೆ ಕೂಡಿಟ್ಟ ಹಣಕ್ಕೆ ಮಾವನಿಂದ ಪಡೆದ ಕೈಸಾಲವನ್ನು ಸೇರಿಸಿ ಕಾಲು ಪಾಲು ಕೊಂಡ.

ಮನೆಗೆ ಬಂದು ಮೂರು ವಾರವಾದರೂ ಪೆಟ್ಟಿಗೆಗಳನ್ನು ಬಿಚ್ಚಿರಲಿಲ್ಲವಂತೆ. "ಬೇರೆಯವರ ಗೋಡೆಗೆ ಮೊಳೆ ಹೊಡೆಯುವುದು ಹೇಗೆ?" ಎಂದು ಹೆಂಡತಿ ಕೇಳುತ್ತಿದ್ದಳಂತೆ.

ನಾನು ಅವನಿಗೆ ತಿಳಿದಷ್ಟು ಹೇಳಿದೆ. ಒಂದು ಸೊತ್ತಿನಲ್ಲಿ ಇಬ್ಬರು ಪಾಲುದಾರರಿದ್ದು, ಒಬ್ಬನು ತನ್ನ ಪಾಲನ್ನು ಇನ್ನೊಬ್ಬನಿಗೆ ಬಾಡಿಗೆಗೆ ಕೊಡುವುದನ್ನು ನಮ್ಮ ವಿದ್ವಾಂಸರು ಅನುಮತಿಸಿದ್ದಾರೆ. ನಿನ್ನ ಕರಾರನ್ನು ಅಲ್ಲಿಯ ಆಲಿಮರೊಬ್ಬರಿಗೆ ತೋರಿಸು. ಬಳಿಕ ನಾಚಿಕೆ ಬಿಡು. ಬಾಡಿಗೆಯನ್ನು ಹೇಳಿದ ದಿನಕ್ಕೆ ಕಟ್ಟು. ಮೊಳೆ ಹೊಡೆಯುವ ವಿಷಯ ಕರಾರಿನಲ್ಲಿ ಏನಿದೆಯೋ ಅದರಂತೆ ನಡೆ. ಮಾವನ ಸಾಲವನ್ನೂ ಬರೆದಿಡು. ಸಾಲವನ್ನು ಬರೆದಿಡಬೇಕೆಂದು ಅಲ್‌ಬಕರ ಅಧ್ಯಾಯದ 282ನೇ ಸೂಕ್ತ ಆದೇಶಿಸುತ್ತದೆ, ಮಾವನೆಂದು ಅದರಲ್ಲಿ ವಿನಾಯಿತಿಯಿಲ್ಲ. ಆ ಸಾಲ ತೀರುವ ಮೊದಲು ಮನೆಯ ಇನ್ನೊಂದು ಪಾಲಿಗೆ ಆಸೆಪಡಬೇಡ. ಸಲಾಮ್ ಹೇಳಿ ಒಳಗೆ ಹೋಗು, ಮನೆಯಲ್ಲಿ ನಮಾಝ್ ಮಾಡು, ಪಕ್ಕದ ಮನೆಗೆ ಒಂದು ತಟ್ಟೆ ತಿಂಡಿ ಕಳುಹಿಸು. ಯಾರ ಹಕ್ಕು ಎಷ್ಟೆಂದು ತಿಳಿದು ಅದನ್ನು ಕೊಡುತ್ತಿರುವವನಿಗೆ ಕಾಲು ಪಾಲಿನ ಮನೆಯಲ್ಲೂ ಪೂರ್ತಿ ನಿದ್ದೆ ಬರುತ್ತದೆ.

ಅವನಿಗೆ ಸಮಾಧಾನವಾಯಿತು. ಫೋನ್ ಇಡುವಾಗ ಹೇಳಿದ: "ನಿಮಗೆ ಈ ತೊಂದರೆಯಿಲ್ಲ ಉಸ್ತಾದ್, ನಿಮ್ಮದು ಸ್ವಂತ ಮನೆಯಲ್ಲವೇ?"

ಓದುಗ ಸಹೋದರ ಸಹೋದರಿಯರೇ, ಆ ರಾತ್ರಿ ನಿದ್ದೆ ಬಾರದೆ ಹೊರಳಾಡಿದವನು ನಾನು.

ನಾನಿರುವುದು ನನ್ನ ತಂದೆ ಕಟ್ಟಿಸಿದ ಮನೆ. ತಾಯಿ ಮೊದಲೇ ತೀರಿಹೋಗಿದ್ದರು. ತಂದೆ ತೀರಿಕೊಂಡು ಎಂಟು ವರ್ಷವಾಯಿತು. ಮಕ್ಕಳೆಂದರೆ ನಾನೊಬ್ಬ, ಒಬ್ಬ ಅಕ್ಕ, ಒಬ್ಬ ತಂಗಿ. ಅನ್ನಿಸಾ ಅಧ್ಯಾಯದ 11ನೇ ಸೂಕ್ತದ ಪ್ರಕಾರ ಗಂಡಿಗೆ ಎರಡು ಹೆಣ್ಣುಗಳ ಪಾಲಿನಷ್ಟು. ಎಂದರೆ ಮನೆಯಲ್ಲಿ ನನ್ನದು ಅರ್ಧ, ಅವರಿಬ್ಬರದು ಕಾಲು ಕಾಲು. ಈ ಲೆಕ್ಕವನ್ನು ಮದ್ರಸದ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದು ಕಲಿಸಿದ್ದೇನೋ! ನನ್ನ ಮನೆಯ ಹೊಸ್ತಿಲಲ್ಲಿ ನಿಂತು ಒಂದು ಸಲವೂ ಮಾಡಿರಲಿಲ್ಲ.

ನನ್ನ ಶಿಷ್ಯ ಪರರ ಪಾಲಿಗೆ ತಪ್ಪದೆ ಬಾಡಿಗೆ ಕೊಡುತ್ತಿದ್ದಾನೆ. ನಾನು ಸೋದರಿಯರ ಅರ್ಧ ಮನೆಗೆ ಎಂಟು ವರ್ಷದಲ್ಲಿ ಒಂದು ರೂಪಾಯಿ ಕೊಟ್ಟಿರಲಿಲ್ಲ. ವರ್ಷಕ್ಕೆರಡು ಸಲ ಹಿತ್ತಿಲಿನ ತೆಂಗಿನಕಾಯಿ ಮೂಟೆ ಕಟ್ಟಿ ಅವರಿಗೆ ಕಳುಹಿಸುತ್ತಿದ್ದೆ. ಅದನ್ನು ನನ್ನ ಔದಾರ್ಯವೆಂದು ತಿಳಿದಿದ್ದೆ. ಅವರ ತೆಂಗಿನಕಾಯಿಯನ್ನೇ ಅವರಿಗೆ ದಾನ ಮಾಡುತ್ತಿದ್ದೆ!

ಮರುದಿನ ಅಕ್ಕನ ಮನೆಗೆ ಹೋದೆ, ತಂಗಿಯನ್ನೂ ಕರೆಸಿದೆ. ವಿಷಯ ತಿಳಿದ ಕೂಡಲೇ ಅಕ್ಕ, "ನನಗೇನೂ ಬೇಡ ತಮ್ಮಾ, ತವರಿಗೆ ಬರುವ ದಾರಿ ತೆರೆದಿದ್ದರೆ ಸಾಕು" ಎಂದಳು. ನಮ್ಮ ಸಮಾಜದ ಎಷ್ಟೋ ಹೆಣ್ಣುಮಕ್ಕಳ ಬಾಯಿ ಕಟ್ಟಿರುವುದು ಈ ಭಯವೇ. ಪಾಲು ಕೇಳಿದರೆ ತವರು ಮುಚ್ಚುತ್ತದೆ ಎಂಬ ಭಯ. ನಾವು ಗಂಡಸರು ಅದನ್ನು 'ಅವರೇ ಬೇಡವೆಂದರು' ಎಂದು ಅನುಕೂಲವಾಗಿ ಹೇಳಿಕೊಳ್ಳುತ್ತೇವೆ. ಭಯದಿಂದ, ದಾಕ್ಷಿಣ್ಯದಿಂದ ಬಿಟ್ಟುಕೊಟ್ಟದ್ದು ಮನಸಾರೆ ಕೊಟ್ಟದ್ದಾಗುತ್ತದೆಯೇ?

ಪ್ರವಾದಿವರ್ಯರು(ಸ) ಹಿಜ್‌ರಾ ಮಾಡಿ ಮದೀನಾಕ್ಕೆ ಬಂದಾಗ ಮಸೀದಿಗೆಂದು ಆರಿಸಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದಾಗಿತ್ತು. ಅವರು ಅದನ್ನು ಉಚಿತವಾಗಿ ಕೊಡಲು ಸಿದ್ಧರಿದ್ದರು. ಪ್ರವಾದಿವರ್ಯರು(ಸ) ಒಪ್ಪದೆ ಬೆಲೆ ಕೊಟ್ಟೇ ಪಡೆದರೆಂದು ಚರಿತ್ರೆಯಲ್ಲಿದೆ. ಅಲ್ಲಾಹನ ಭವನಕ್ಕೇ ಬೆಲೆ ಕೊಡಲಾಗಿದ್ದರೆ ನನ್ನ ಅಡುಗೆಮನೆಗೆ, ಮಲಗುವ ಕೋಣೆಗೆ ಬೆಲೆಯಿಲ್ಲವೇ?

"ಅಕ್ಕಾ, ಪಾಲು ಬೇರೆ, ತವರು ಬೇರೆ. ಪಾಲು ಪಡೆದ ಮೇಲೂ ಆ ಬಾಗಿಲು ನಿಮಗೆ ತೆರೆದೇ ಇರುತ್ತದೆ" ಎಂದೆ. ಅಷ್ಟರವರೆಗೆ ತಲೆ ತಗ್ಗಿಸಿ ಕೂತಿದ್ದ ತಂಗಿ ಮೆಲ್ಲನೆ, "ಎಷ್ಟು ಬರಬಹುದು ಅಣ್ಣಾ?" ಎಂದು ಕೇಳಿದಳು. ಮೂರು ಮಕ್ಕಳೊಂದಿಗೆ ಬಾಡಿಗೆಯ ಮನೆಯಲ್ಲಿರುವವಳು ಅವಳು. ಆ ಒಂದು ಪ್ರಶ್ನೆ ಎಂಟು ವರ್ಷ ಅವಳ ಎದೆಯಲ್ಲೇ ಇತ್ತೆಂದು ನನಗೆ ಆಗ ತಿಳಿಯಿತು.

ತಿಳಿದವರಿಂದ ಮನೆಗೆ ಬೆಲೆ ಕಟ್ಟಿಸಿದೆವು. ಒಟ್ಟಿಗೆ ಕೊಡುವ ಶಕ್ತಿ ಮದ್ರಸದ ಅಧ್ಯಾಪಕನಿಗೆಲ್ಲಿ? ಅವರ ಪಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಳ್ಳುವುದೆಂದೂ ಅದುವರೆಗೆ ಉಳಿದ ಪಾಲಿಗೆ ಬಾಡಿಗೆ ಕೊಡುವುದೆಂದೂ ಮಾತಾಯಿತು. ಸಾಕ್ಷಿಗಳ ಮುಂದೆ ಬರೆದೆವು. ಕಳೆದ ಎಂಟು ವರ್ಷದ ಬಾಡಿಗೆಯನ್ನು ಅಕ್ಕ ನಗುತ್ತಾ ಮನ್ನಿಸಿದಳು. ತಂಗಿಯದನ್ನು ನಾನು ಕೊಡುತ್ತಿದ್ದೇನೆ. ಹೀಗೆ ಶಿಷ್ಯನಂತೆ ಉಸ್ತಾದನೂ ಪಾಲು ಮತ್ತು ಬಾಡಿಗೆಯ ಮನೆಯವನಾದ!

ಇದನ್ನು ನನ್ನ ಹೊಗಳಿಕೆಗಾಗಿ ಬರೆಯುತ್ತಿಲ್ಲ. ಎಂಟು ವರ್ಷ ತಡವಾಗಿ ಮಾಡಿದ ಕೆಲಸದಲ್ಲಿ ಹೊಗಳಿಕೆಗೇನಿದೆ? ಅನ್ಯಾಯವಾಗಿ ಒಂದು ಗೇಣು ನೆಲವನ್ನು ಕಬಳಿಸಿದವನ ಕೊರಳಿಗೆ ಪರಲೋಕದಲ್ಲಿ ಏಳು ಭೂಮಿಗಳ ಭಾರ ಬೀಳಲಿದೆ ಎಂಬ ಪ್ರವಾದಿ(ಸ) ಎಚ್ಚರಿಕೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆ ಗೇಣು ನೆಲ ಬೇಲಿಯಾಚೆ ಇದೆಯೆಂದು ಭಾವಿಸುತ್ತೇವೆ. ಅದು ನಮ್ಮ ಚಾಪೆಯ ಕೆಳಗೂ ಇರಬಹುದು. ಈ ಪುಟವನ್ನು ಮಡಚುವ ಮುನ್ನ ತಾವು ಕುಳಿತ ಮನೆಯನ್ನು ಒಮ್ಮೆ ನೋಡಿರಿ. ಇದರಲ್ಲಿ ಯಾರ ಯಾರ ಪಾಲಿದೆ? ಅದು ಅವರಿಗೆ ತಲುಪಿದೆಯೇ?

ಮೊನ್ನೆ ಇಂಗ್ಲೆಂಡಿನಿಂದ ಮತ್ತೆ ಫೋನ್ ಬಂತು. ಪೆಟ್ಟಿಗೆಗಳನ್ನು ಬಿಚ್ಚಿದ್ದಾರೆ. ಪಕ್ಕದ ಮನೆಯ ಮುದುಕಿಗೆ ಕಳುಹಿಸಿದ ತಟ್ಟೆ ಹಣ್ಣುಗಳೊಂದಿಗೆ ಮರಳಿ ಬಂದಿದೆಯಂತೆ.

ಅಲ್ಲಾಹನು ನಮ್ಮ ಮನೆಗಳಲ್ಲಿ ಬರಕತ್ ನೀಡಲಿ. ಪರರ ಹಕ್ಕನ್ನು ಮರಳಿಸುವ ಮೊದಲು ನಮ್ಮನ್ನು ಆ ಕೊನೆಯ ಮನೆಗೆ ಕರೆಯದಿರಲಿ. ಆಮೀನ್.