ಮೈ ಇದ್ದ ತಪ್ಪಿಗೆ

ಕೈಸಾಲ ಕೊಡುವವರು ಪ್ರೋನೋಟಿನ ಜೊತೆಗೆ ಸಹಿ ಮಾಡಿದ ಖಾಲಿ ಚೆಕ್ಕೊಂದನ್ನೂ ಇಸಿದುಕೊಳ್ಳುವುದು ಈಗ ಮಾಮೂಲು. ಮೊತ್ತ, ತಾರೀಖು ಆಮೇಲೆ ಅವರಿಗೆ ಬೇಕಾದಾಗ ತುಂಬಿಕೊಳ್ಳುತ್ತಾರೆ. ಬಲವಂತವಿಲ್ಲದೆ ಸಹಿ ಹಾಕಿ ಕೊಟ್ಟದ್ದಾದರೆ ಅಂಥ ಚೆಕ್ಕೂ ಊರ್ಜಿತ, ಸಾಲವಿರಲಿಲ್ಲ ಎಂದು ತೋರಿಸುವ ಹೊಣೆ ಸಹಿ ಹಾಕಿದವನದು ಎಂದು 2019ರ ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚೆಕ್ಕು ಬೌನ್ಸ್ ಆಗಿ, ನೋಟಿಸು ಕೈಸೇರಿದ 15 ದಿನದೊಳಗೆ ಹಣ ಕಟ್ಟದಿದ್ದರೆ ಚೆಕ್ಕಿನ ಕಾನೂನಿನ 138ನೇ ಕಲಮಿನ ಕೇಸು. ಎರಡು ವರ್ಷದವರೆಗೆ ಜೈಲಾಗಬಹುದು. ಖಾತೆಯಲ್ಲಿ ದುಡ್ಡು ಯಾಕಿರಲಿಲ್ಲ ಎಂದು ಆ ಕಲಮು ಕೇಳುವುದಿಲ್ಲ.

ಈ ಕಲಮಿನ ಬಗ್ಗೆ ಬಂದ ಇನ್ನೆರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಒಂದು, 2021ರ ಮಾರ್ಚಿನ ಪಿ. ಮೋಹನ್‌ರಾಜ್ ಪ್ರಕರಣ. ಕಂಪನಿಯೊಂದು ದಿವಾಳಿ ಸಂಹಿತೆಯ ಅಡಿಗೆ ಬಂದು, 14ನೇ ಕಲಮಿನ ಪ್ರಕಾರ ಸಾಲ ಕೊಟ್ಟವರ ಕಾಟಕ್ಕೆ ತಡೆ ಬಿದ್ದಾಗ, ಅದರ ಮೇಲಿನ ಚೆಕ್ ಕೇಸೂ ನಿಲ್ಲಬೇಕೇ? ನಿಲ್ಲಬೇಕು ಎಂದಿತು ಕೋರ್ಟು. ಹೊರನೋಟಕ್ಕೆ ಇದು ಕ್ರಿಮಿನಲ್ ಕೇಸು, ಒಳಗಿರುವುದು ಹಣ ವಸೂಲಿಯ ಸಿವಿಲ್ ವ್ಯಾಜ್ಯವೇ. ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ಇದನ್ನು ತೋಳದ ತೊಗಲು ಹೊದ್ದ ಕುರಿಗೆ ಹೋಲಿಸಿದರು. ಆದರೆ ಆ ಕಂಪನಿಯ ಪರವಾಗಿ ಚೆಕ್ಕಿಗೆ ಸಹಿ ಹಾಕಿದ ನಿರ್ದೇಶಕರ ಮೇಲಿನ ಕೇಸು ನಿಲ್ಲುವುದಿಲ್ಲ ಎಂದೂ ಅದೇ ತೀರ್ಪು ಹೇಳಿತು.

ಇನ್ನೊಂದು, 2025ರ ಏಪ್ರಿಲಿನ ರಾಕೇಶ್ ಭಾನೋಟ್ ಪ್ರಕರಣ. ವ್ಯಕ್ತಿಯೊಬ್ಬ ತಾನೇ ದಿವಾಳಿ ಅರ್ಜಿ ಹಾಕಿದರೆ ಅದೇ ಸಂಹಿತೆಯ 96ನೇ ಕಲಮಿನಡಿ ಅವನಿಗೂ ತಾತ್ಕಾಲಿಕ ತಡೆ ಸಿಗುತ್ತದೆ. ಆಗ ಅವನ ಮೇಲಿನ ಚೆಕ್ ಕೇಸು? ಅದು ನಡೆಯುತ್ತದೆ. ಅದು ಸಾಲದ ಮಾತಲ್ಲ, ಶಿಕ್ಷೆಯ ಮಾತು, ವ್ಯಕ್ತಿಯ ಸ್ವಂತ ಹೊಣೆ ಎಂದಿತು ಕೋರ್ಟು. ಕಂಪನಿಯ ಮುಂದೆ ಕುರಿಯಾಗಿದ್ದದ್ದು ಮನುಷ್ಯನ ಮುಂದೆ ಮತ್ತೆ ತೋಳವಾಯಿತು.

ಎರಡು ಕಲಮುಗಳ ಒಕ್ಕಣೆಯೇ ಬೇರೆ, ನ್ಯಾಯಾಧೀಶರು ಬರೆದದ್ದನ್ನು ಓದಿದ್ದಾರೆ ಅಷ್ಟೆ ಎಂದು ವಕೀಲರು ಹೇಳುತ್ತಾರೆ. ನಿಜವೇ. ಭಾನೋಟ್ ಪ್ರಕರಣದಲ್ಲಿದ್ದವರು ಸಂಘದ ಸಾಲ ಮಾಡಿದ ಬಡವರೂ ಅಲ್ಲ, ವ್ಯವಹಾರಸ್ಥರು. ಆದರೆ ಒಕ್ಕಣೆ ಯಾಕೆ ಬೇರೆಯಾಯಿತು? ಕಂಪನಿ ಮುಳುಗಿದರೆ ಅದು ವ್ಯಾಪಾರದಲ್ಲಿ ಆಗುವಂಥದ್ದು, ಮನುಷ್ಯ ಮುಳುಗಿದರೆ ಅದು ಅವನ ನಡತೆ ಎಂಬ ನಂಬಿಕೆ ಶಾಸನದ ಅಡಿಪಾಯದಲ್ಲೇ ಇದೆ. ಭೂಷಣ್ ಪವರ್ ಅಂಡ್ ಸ್ಟೀಲ್ ಕಂಪನಿಯ ಮೇಲೆ ಸಾಲ ಕೊಟ್ಟವರ ಬಾಕಿ 47 ಸಾವಿರ ಕೋಟಿ ದಾಟಿತ್ತು. ಜೆಎಸ್‌ಡಬ್ಲ್ಯು ಅದನ್ನು ಕೊಳ್ಳಲು ಮುಂದಿಟ್ಟ ಯೋಜನೆಯಲ್ಲಿ ಅವರಿಗೆ ಸಿಕ್ಕಿದ್ದು 19,350 ಕೋಟಿ. ಈ ಯೋಜನೆಯನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ತಳ್ಳಿಹಾಕಿ, ಆಮೇಲೆ ಆ ತೀರ್ಪನ್ನು ತಾನೇ ಹಿಂತೆಗೆದುಕೊಂಡು, ಸೆಪ್ಟೆಂಬರಿನಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು. ಯೋಜನೆಗೆ ಒಮ್ಮೆ ಒಪ್ಪಿಗೆ ಬಿದ್ದರೆ ಅದರಲ್ಲಿ ಸೇರದ ಹಳೇ ಬಾಕಿಗಳೆಲ್ಲ ಅಳಿಸಿಹೋಗುತ್ತವೆ. ಇದು 2021ರ ಘನಶ್ಯಾಮ್ ಮಿಶ್ರಾ ತೀರ್ಪು. ಇದಕ್ಕೆ ನನ್ನ ತಕರಾರಿಲ್ಲ. ಕುಲುಮೆ ಆರಿದರೆ ಸಾಲವೂ ಬರುವುದಿಲ್ಲ, ಕೂಲಿಯೂ ಹುಟ್ಟುವುದಿಲ್ಲ.

ಇದೇ ತರ್ಕ ಹೊಲಿಗೆ ಯಂತ್ರ ಇಟ್ಟುಕೊಂಡವಳಿಗೆ ಯಾಕೆ ಸಲ್ಲದು? ಅವಳ ದುಡಿಮೆಯೂ ನಡೆಯುತ್ತಿರುವ ಕಾರ್ಖಾನೆಯೇ. ಕೋರ್ಟಿಗೆ ಅಲೆಸಿದರೆ, ಒಳಗೆ ಹಾಕಿದರೆ ಅದೂ ನಿಲ್ಲುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಇದು ಗೊತ್ತಿತ್ತು. ಅದರ 60ನೇ ಕಲಮಿನ ಪ್ರಕಾರ ಸಾಲಗಾರನ ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನವನ ಹತಾರ, ರೈತನ ಎತ್ತು, ಬಿತ್ತನೆ ಬೀಜ ಜಪ್ತಿ ಮಾಡುವಂತಿಲ್ಲ. ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಒಡವೆಯನ್ನೂ ಮುಟ್ಟುವಂತಿಲ್ಲ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟ ತಡೆಯಲಾರದೆ ಹಾವೇರಿ ಜಿಲ್ಲೆಯ ಹೆಂಗಸರು ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದ್ದು ತಾಳಿಯನ್ನು. ಅಮೀನ ಡಿಕ್ರಿ ಹಿಡಿದು ಬಂದರೂ ಮುಟ್ಟಲಾಗದ ಒಡವೆ, ಜಗಲಿಯ ಮೇಲೆ ಬಂದು ಕೂತ ವಸೂಲಿಗಾರನ ಮುಂದೆ ಉಳಿಯುವುದು ಕಷ್ಟ.

ಸಾಲಕ್ಕೆ ಜೈಲು ಸಲ್ಲದು ಎಂಬುದೂ ಹಳೆಯ ತೀರ್ಪೇ. 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಂದು ಸರಳ ಪರೀಕ್ಷೆ ಇಟ್ಟರು: ಇದ್ದೂ ಕೊಡುತ್ತಿಲ್ಲವೋ, ಇಲ್ಲದೆ ಕೊಡಲಾಗುತ್ತಿಲ್ಲವೋ? ಎರಡನೆಯವನನ್ನು ಜೈಲಿಗೆ ಹಾಕಿದರೆ ಅದು ಸಂವಿಧಾನದ 21ನೇ ವಿಧಿಗೆ ವಿರುದ್ಧ. ಇದಾಗಿ ಹತ್ತು ವರ್ಷ ತುಂಬುವ ಮೊದಲೇ, 1988ರ ತಿದ್ದುಪಡಿಯಿಂದ 138ನೇ ಕಲಮು ಬಂತು. ಮುಂಬಾಗಿಲಿಂದ ಹೊರಟ ಜೈಲು ಹಿತ್ತಿಲಿಂದ ಒಳಬಂತು. ಚೆಕ್ಕಿಗೆ ಬೆಲೆ ಉಳಿಯಬೇಕು ಎಂಬುದು ಕಾರಣ. ವರ್ತಕರ ನಡುವೆ ಓಡಾಡುವ ಚೆಕ್ಕಿಗೆ ಈ ಮಾತು ಒಪ್ಪುತ್ತದೆ. ಒತ್ತೆಯಾಗಿ ಇಸಿದುಕೊಂಡ ಖಾಲಿ ಚೆಕ್ಕಿಗೆ ಒಪ್ಪುವುದಿಲ್ಲ. ಅಲ್ಲಿ ಒತ್ತೆಯಿಟ್ಟದ್ದು ಕಾಗದವನ್ನಲ್ಲ, ಸಾಲಗಾರನ ಮೈಯನ್ನು. ಕಂಪನಿಗೆ ಒತ್ತೆಯಿಡಲು ಮೈಯಿಲ್ಲ, ಹಾಗಾಗಿ ಅದರ ಜೊತೆ ಲೆಕ್ಕ ಮಾತಾಡಬೇಕಾಗುತ್ತದೆ.

ಕಂಪನಿಗೆ ಸಿಗುವ ಮನ್ನಾ ಮನುಷ್ಯರಿಗೂ ಸಿಗಲಿ ಎಂದರೆ ಬರುವ ಗಟ್ಟಿ ಆಕ್ಷೇಪ ಬ್ಯಾಂಕಿನವರದಲ್ಲ, ಪಕ್ಕದ ಮನೆಯವಳದು. ಉಪವಾಸ ಬಿದ್ದಾದರೂ ವಾರದ ಕಂತು ತಪ್ಪಿಸದವಳು ಕೇಳುತ್ತಾಳೆ: ಅವಳಿಗೆ ಮನ್ನಾ ಆದರೆ ನಾನೇನು ಹುಚ್ಚಿಯೇ? ಗುಂಪು ಸಾಲದಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದವರೇ ತುಂಬಬೇಕು, ಆದ್ದರಿಂದ ಇದು ಬರೀ ಹೊಟ್ಟೆಕಿಚ್ಚಿನ ಮಾತಲ್ಲ. ನನ್ನ ಉತ್ತರ ಇಷ್ಟು: ಶೇಕಡಾ 20 ದಾಟುವ ಬಡ್ಡಿಯಲ್ಲಿ, ಮುಳುಗುವವರ ಪಾಲಿನ ನಷ್ಟವನ್ನು ಸಾಲ ಕೊಟ್ಟವರು ಮೊದಲೇ ಎಲ್ಲರಿಂದಲೂ ವಸೂಲು ಮಾಡಿಕೊಂಡಿರುತ್ತಾರೆ. ಆ ನಷ್ಟಕ್ಕೆ ಕಂತು ಕಟ್ಟಿದವಳು ಆಗಲೇ ದುಡ್ಡು ತೆತ್ತಿದ್ದಾಳೆ. ಮುಳುಗಿದವಳಿಂದ ಮತ್ತೆ ಪೂರ್ತಿ ಕೇಳಿದರೆ ಅದು ಎರಡನೇ ವಸೂಲಿ.

ವಸೂಲಿಗಾರರ ಕಾಟ ತಡೆಯಲು ಬಂದ ಕರ್ನಾಟಕದ 2025ರ ಕಾನೂನನ್ನು ಸುಗ್ರೀವಾಜ್ಞೆಯಾಗಿದ್ದಾಗ ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಬಳಿಕ ಸಹಿ ಹಾಕಿದರು. ಕಾಟ ಕೊಡುವವರಿಗೆ ಅದರಲ್ಲಿ 10 ವರ್ಷದವರೆಗೆ ಜೈಲಿದೆ. ಅದು ವಸೂಲಿಗಾರನ ನಡತೆಯನ್ನು ತಿದ್ದೀತು. ನೋಂದಾಯಿತ ಸಂಸ್ಥೆಯ ಸಾಲವನ್ನು ಮಾತ್ರ ಹಾಗೇ ಬಿಡುತ್ತದೆ. ಸಾಲವನ್ನೇ ಮುಟ್ಟುವ ಅಧ್ಯಾಯ 2016ರ ದಿವಾಳಿ ಸಂಹಿತೆಯಲ್ಲೇ ಇದೆ. ವರಮಾನ ವರ್ಷಕ್ಕೆ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದ, ಸ್ವಂತ ಮನೆಯಿಲ್ಲದವರಿಗೆ ಹೊಸದಾಗಿ ಬದುಕು ಶುರುಮಾಡಲು ಅವಕಾಶ. ಅದು ಅಚ್ಚಾಯಿತೇ ಹೊರತು ಜಾರಿಗೆ ಬರಲಿಲ್ಲ. ಈಗ ತರುವುದಾದರೆ ಮೊದಲು ಆ ಅಂಕಿಗಳನ್ನು ಏರಿಸಬೇಕು. ಒಂದೇ ಸಂಘದ ಸಾಲ ಆ 35,000ದ ಮಿತಿಯನ್ನು ಮೀರಿಬಿಡುತ್ತದೆ. ಒಬ್ಬಳ ಸಾಲ ಮನ್ನಾ ಆದಾಗ ಗುಂಪಿನ ಉಳಿದವರ ತಲೆಯ ಮೇಲಿನ ಹೊಣೆಯೂ ಇಳಿಯುತ್ತದೆ ಎಂಬ ಒಂದು ಸಾಲನ್ನೂ ಸೇರಿಸಬೇಕು.